ಫೋಸ್ಕಾ ಕರಗಿಸಿದ ಮೂಗು

ಇಟಲಿಯ ನಮ್ಮ ರೊಕ್ಕಸ್ಪಿನಾದವರಿಗೆ ಮೂಗಿನ ಬಗ್ಗೆ ಇದ್ದಷ್ಟು ಹೆಮ್ಮೆ ಬೇರೆ ಊರಿನವರಿಗೆ ಹೆತ್ತ ಮಕ್ಕಳ ಬಗ್ಗೆಯೂ ಇರಲಿಕ್ಕಿಲ್ಲ. ಎಂಥ ಮೂಗು ಅಂತೀರಿ? ನಡುವೆ ಒಂದು ಉಬ್ಬು, ತುದಿ ಗಿಣಿಯ ಕೊಕ್ಕಿನ ಹಾಗೆ ಕೆಳಕ್ಕೆ. ಈ ಮೂಗು ಇದ್ದವರು ಅಪ್ಪಟ ಎಟ್ರುಸ್ಕನ್ನರು. ರೋಮ್ ಇನ್ನೂ ಕುರಿ ಮೇಯುವ ದಿಬ್ಬವಾಗಿದ್ದಾಗಲೇ ಕಂಚಿನ ಕನ್ನಡಿ ಹಿಡಿದು ತಲೆ ಬಾಚಿಕೊಂಡವರ ವಂಶ. ಮೂಗು ಚಪ್ಪಟೆ ಇದ್ದವರು ಪಾಪ, ಎಲ್ಲಿಂದಲೋ ಬಂದು ಸೇರಿಕೊಂಡವರು. ಮಗಳು ಯಾವನನ್ನಾದರೂ ಮನೆಗೆ ಕರೆತಂದು ಪರಿಚಯ ಮಾಡಿಸಿದರೆ, ತಾಯಿ ಅವನನ್ನು ಕಿಟಕಿಯ ಬಳಿ ನಿಲ್ಲಿಸಿ, "ಹೊರಗೆ ಮಳೆ ಬರೋ ಹಾಗಿದ್ಯಾ ನೋಡಪ್ಪಾ" ಎಂದು ಮುಖ ತಿರುಗಿಸಿ, ಪಕ್ಕದಿಂದ ಅಳೆದುಬಿಡುತ್ತಿದ್ದಳು. ಒಬ್ಬ ಹುಡುಗಿ ವೀತೆರ್ಬೊದ ಆಸ್ಪತ್ರೆಗೆ ಹೋಗಿ ಮೂಗಿನ ಉಬ್ಬು ತೆಗೆಸಿಕೊಂಡು ಬಂದಾಗ ಅವಳ ತಾತ ಏಳು ವರ್ಷ ಅವಳ ಜೊತೆ ಮಾತು ಬಿಟ್ಟಿದ್ದ.

ಇದೆಲ್ಲ ಬರೀ ಬಾಯಿಮಾತಲ್ಲ, ಪುರಾವೆ ಇತ್ತು. ಪುರಸಭೆಯ ನೆಲಮಾಳಿಗೆಯಲ್ಲಿ ನಮ್ಮ ಮ್ಯೂಸಿಯಂ. ಮ್ಯೂಸಿಯಂ ಎಂದರೆ ಎರಡು ಕೋಣೆ. ಒಂದರಲ್ಲಿ ಮಡಕೆ ಚೂರು, ಇನ್ನೊಂದರಲ್ಲಿ ಕನ್ನಡಿ. ಕಂಚಿನದು, ಚಪಾತಿಯಷ್ಟು ಅಗಲ. ಒಂದು ಮಗ್ಗುಲು ಎರಡೂವರೆ ಸಾವಿರ ವರ್ಷದ ಹಿಂದೆ ಮುಖ ಕಾಣುವಷ್ಟು ಹೊಳೆಯುತ್ತಿತ್ತಂತೆ. ಇನ್ನೊಂದು ಮಗ್ಗುಲಲ್ಲಿ ಗೆರೆ ಕೊರೆದು ಬರೆದ ಚಿತ್ರ. ಅದರಲ್ಲಿ ಕುತ್ತಿಗೆಯ ಕೆಳಗೆಲ್ಲ ಹಸಿರು ಕಿಲುಬು ಹಕ್ಕಳೆ ಕಟ್ಟಿ ಏನೂ ಕಾಣಿಸದು. ಕಂಡಷ್ಟು ಇಷ್ಟೇ: ಪಕ್ಕಕ್ಕೆ ತಿರುಗಿದ ಒಂದು ಮುಖ, ಇಳಿಬಿದ್ದ ಕೂದಲು, ಮೇಲೆತ್ತಿದ ಒಂದು ಕೈ, ಬೆನ್ನ ಹಿಂದೆ ಗಾಳಿಗೆ ಹಾರುವ ಶಾಲಿನ ತುದಿ. ಮತ್ತು ಮೂಗು. ಆಹಾ, ಆ ಮೂಗು!

ಅವಳಿಗೆ ಊರು ಇಟ್ಟ ಹೆಸರು ದೊರೆಸಾನಿ. ದ್ರಾಕ್ಷಾರಸದ ಸೀಸೆಯ ಮೇಲೆ ಅವಳೇ, ಪುರಸಭೆಯ ಕಾಗದದ ಮೇಲೆ ಅವಳೇ, ಫುಟ್‌ಬಾಲ್ ಆಡುವ ಹುಡುಗರ ಎದೆಯ ಮೇಲೂ ಅವಳೇ. ಬ್ರೆಡ್ ಸುಡುವ ನಜ್ಜರೇನೊ ಹಬ್ಬಕ್ಕೆ ಮೂಗಿನ ಆಕಾರದ ಬಿಸ್ಕತ್ತು ಮಾಡಿ, ಉಬ್ಬಿನ ಜಾಗಕ್ಕೆ ಒಂದು ಬಾದಾಮಿ ಒತ್ತುತ್ತಿದ್ದ. ಮತ್ತು ಆ ಮೂಗನ್ನು ಅವಳ ಮುಖದಿಂದಲೇ ಎತ್ತಿ ಇಟ್ಟ ಹಾಗೆ ಹೊತ್ತುಕೊಂಡಿದ್ದವರು ಕ್ವಾರ್ತರೋನಿ ಮನೆತನದವರು. ಅಪ್ಪ ಮೇಯರ್, ಮಗನೂ ಮೇಯರ್. ಮಗ ಸೆತ್ತಿಮಿಯೊ ಕ್ವಾರ್ತರೋನಿಯ ಒಂದೇ ಒಂದು ಫೋಟೊದಲ್ಲಿಯೂ ಎರಡು ಕಣ್ಣು ಒಟ್ಟಿಗೆ ಕಂಡವರಿಲ್ಲ. ಮದುವೆಯ ಫೋಟೊದಲ್ಲಿ ಕೂಡ ಹೆಂಡತಿ ಕ್ಯಾಮೆರಾ ನೋಡುತ್ತಿದ್ದಾಳೆ, ಅವನು ಚರ್ಚಿನ ಕಂಬ ನೋಡುತ್ತಿದ್ದಾನೆ.

ನಾನು ಹೇಳಹೊರಟಿರುವುದು ಅವನ ಕತೆಯಲ್ಲ. ಆ ಕನ್ನಡಿಯನ್ನು ಮೂವತ್ತೇಳು ವರ್ಷ ಕಾದವಳ ಕತೆ. ಅವಳ ಹೆಸರು ಫೋಸ್ಕಾ ಬರ್ಲೆಂಗಿ. ಅವಳ ಮೂಗು, ದೇವರು ಅವಸರದಲ್ಲಿ ಹೊಲಿದ ಅಂಗಿ ಗುಂಡಿಯ ಹಾಗೆ, ಸಣ್ಣದು, ದುಂಡಗಿನದು.

ಫೋಸ್ಕಾ ಹದಿನೆಂಟನೆಯ ವಯಸ್ಸಿಗೆ ಮ್ಯೂಸಿಯಮ್ಮಿನ ಹಿಂದಿನ ಕಾರ್ಯಾಗಾರಕ್ಕೆ ಸೇರಿದಳು. ಗುರು ಅನಾಕ್ಲೆತೊ. ಮಣ್ಣಿನಿಂದ ಎದ್ದ ಹಳೆಯ ಕಂಚನ್ನು ಸರಿಮಾಡುವುದರಲ್ಲಿ ನಮ್ಮ ಸೀಮೆಗೆಲ್ಲ ಹೆಸರಾದವನು. ದೊರೆಸಾನಿಯನ್ನು ಕಿಲುಬಿನ ಒಳಗಿಂದ ಹೊರಗೆ ಕರೆದವನು ಅವನೇ, ಫೋಸ್ಕಾ ಬರುವ ಆರು ವರ್ಷ ಮೊದಲು, ಸಾವಿರದ ಒಂಬೈನೂರ ಐವತ್ತಾರರಲ್ಲಿ. ಅವನು ಸತ್ತ ಮೇಲೆ ಚರ್ಚಿನ ಹಿಂದಿನ ಬೀದಿಗೆ ಅವನ ಹೆಸರಿಟ್ಟರು. ಫೋಸ್ಕಾಳಿಗೆ ಅವನು ಕಲಿಸಿದ್ದು ಎರಡು. ಒಂದು, ಮುಳ್ಳುಹಂದಿಯ ಮುಳ್ಳು. ಕಂಚಿನ ಗೆರೆಯಲ್ಲಿ ಕೂತ ಕಿಲುಬನ್ನು ಉಕ್ಕಿನ ಸೂಜಿಯಿಂದ ಕೆದಕಿದರೆ ಗೆರೆಯೂ ಹೋಗುತ್ತದೆ. ಮುಳ್ಳಾದರೆ ಕಿಲುಬಿಗಿಂತ ಗಟ್ಟಿ, ಕಂಚಿಗಿಂತ ಮೆದು. ಹಾಗಾಗಿ ಅವಳು ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗುವ ಬದಲು ಕಾಡಿನ ದಾರಿಯಲ್ಲಿ ಬಗ್ಗಿ ಬಗ್ಗಿ ನಡೆಯುತ್ತಿದ್ದಳು. ಅಪರಿಚಿತರು ಅಣಬೆ ಹುಡುಕುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. ಎರಡನೆಯದು ಮಂತ್ರ: ಹಳೆಯ ವಸ್ತುವಿಗೆ ನೀನು ಏನು ಮಾಡಿದರೂ ನಾಳೆ ಬಂದವನು ಅದನ್ನು ತೆಗೆದು ಮೊದಲಿನಂತೆ ಮಾಡಲು ಬರಬೇಕು. ಅಂಟಿಸಿದ್ದು ಬಿಡಿಸಲು ಬರಬೇಕು, ತುಂಬಿಸಿದ್ದು ತೆಗೆಯಲು ಬರಬೇಕು.

ಈ ಮಂತ್ರವನ್ನು ಬೇರೆಯವರು ಕಾರ್ಯಾಗಾರದ ಬಾಗಿಲಲ್ಲಿ ಬಿಟ್ಟು ಮನೆಗೆ ಹೋಗುತ್ತಾರೆ. ಫೋಸ್ಕಾ ಜೊತೆಯಲ್ಲೇ ಮನೆಗೆ ಕೊಂಡುಹೋದಳು. ಅವಳು ಬರೆಯುತ್ತಿದ್ದುದು ಪೆನ್ಸಿಲ್‌ನಲ್ಲಿ, ಹಬ್ಬದ ಶುಭಾಶಯ ಪತ್ರವನ್ನೂ ಸೇರಿಸಿ. ಲಂಗದ ಅಂಚು ಹೊಲಿಯುತ್ತಿದ್ದುದು ದೂರ ದೂರದ ಹೊಲಿಗೆಯಲ್ಲಿ, ಬೇಕಾದರೆ ಬಿಚ್ಚಬಹುದು ಎಂದು. ಗೋಡೆಗೆ ಒಂದು ಮೊಳೆ ಹೊಡೆಯದೆ ಚಿತ್ರಪಟಗಳನ್ನೆಲ್ಲ ನೆಲದ ಮೇಲೆ ಒರಗಿಸಿಟ್ಟಿದ್ದಳು. ಬಸ್ಸು ಓಡಿಸುವ ದುಯೀಲಿಯೊ ಜೊತೆ ನಿಶ್ಚಿತಾರ್ಥವಾಗಿ ಹತ್ತೊಂಬತ್ತು ವರ್ಷ ಹಾಗೇ ಇತ್ತು. "ಯಾವಾಗ ಫೋಸ್ಕಾ?" ಎಂದು ಅವನು ಕೇಳಿದಾಗಲೆಲ್ಲ, "ಅವಸರ ಏನು, ಇನ್ನೊಂದ್ಸಲ ಯೋಚನೆ ಮಾಡೋಣ" ಎನ್ನುತ್ತಿದ್ದಳು. ಇಪ್ಪತ್ತನೆಯ ವರ್ಷ ಅವನು ಪಕ್ಕದ ಮೊಂತೆಕೂಪೊ ಊರಿನ ವಿಧವೆಯನ್ನು ಹದಿನೈದು ದಿನದಲ್ಲಿ ಮದುವೆಯಾದ. ನಿಶ್ಚಿತಾರ್ಥದ ಉಂಗುರವನ್ನು ಫೋಸ್ಕಾ ಹತ್ತಿಯಲ್ಲಿ ಸುತ್ತಿ, ಚೀಟಿ ಅಂಟಿಸಿ, ಒಂದು ಗೀರೂ ಇಲ್ಲದೆ ಹಿಂದಿರುಗಿಸಿದಳು.

ಒಂದೇ ಒಂದು ಆಸೆ ಇಟ್ಟುಕೊಂಡಿದ್ದಳು ಹೆಂಗಸು. ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಗಳ ಮುಂದಿನ ಚೀಟಿಗಳಲ್ಲಿ "ಸರಿಪಡಿಸಿದ್ದು: ಪುರಸಭೆಯ ವತಿಯಿಂದ" ಎಂದಿರುತ್ತಿತ್ತು. ಅಲ್ಲಿ ಒಂದು ಸಲವಾದರೂ ತನ್ನ ಹೆಸರು ಬರಲಿ ಎಂದು. ಯಾರಿಗೂ ಹೇಳಿರಲಿಲ್ಲ. ಆದರೆ ಊರಿಗೆಲ್ಲ ಗೊತ್ತಿತ್ತು. ನಮ್ಮೂರಲ್ಲಿ ಹೇಳದ ಮಾತೇ ಬೇಗ ತಲುಪುವುದು.

ಹೀಗಿರುವಾಗ ದೊರೆಸಾನಿಗೆ ಕಾಯಿಲೆ ಬಂತು.

ಬರದೆ ಏನು? ಪ್ರತಿ ವರ್ಷ ಹೊಸ ದ್ರಾಕ್ಷಾರಸದ ಹಬ್ಬಕ್ಕೆ ಸೆತ್ತಿಮಿಯೊ ಅವಳನ್ನು ಗಾಜಿನ ಪೆಟ್ಟಿಗೆಯಿಂದ ಎಬ್ಬಿಸಿ, ಮಕಮಲ್ಲಿನ ದಿಂಬಿನ ಮೇಲೆ ಮಲಗಿಸಿ, ತನ್ನ ನೆಲಮಾಳಿಗೆಯ ಪೀಪಾಯಿಯ ಮೇಲಿಟ್ಟು ಮೂರು ದಿನ ಪ್ರದರ್ಶನ ಮಾಡುತ್ತಿದ್ದ. ಅಲ್ಲಿ ಗೋಡೆಯೂ ಬೆವರುತ್ತದೆ, ಜನರೂ ಬೆವರುತ್ತಾರೆ. ಕುಡಿದವರು ಬಗ್ಗಿ ಅವಳ ಮೂಗಿಗೆ ಮುತ್ತಿಡುವುದೂ ಉಂಟು. "ಮೇಯರ್ರೇ, ಕಂಚಿಗೆ ಥಂಡಿ ಆಗಿಬರಲ್ಲ" ಎಂದು ಫೋಸ್ಕಾ ಪ್ರತಿ ವರ್ಷ ಹೇಳುತ್ತಿದ್ದಳು, ಮೆಲ್ಲಗೆ, ಹಿಂದಕ್ಕೆ ತೆಗೆದುಕೊಳ್ಳಲು ಬರುವ ಹಾಗೆ. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಕನ್ನಡಿಯ ಅಂಚಿನಲ್ಲಿ ತಿಳಿ ಹಸಿರು ಹಿಟ್ಟು ಕಾಣಿಸಿಕೊಂಡಿತು. ಸಾದಾ ಕಿಲುಬು ಕಂಚಿಗೆ ಕಂಬಳಿ ಹೊದಿಸಿದಂತೆ, ಕಾಪಾಡುತ್ತದೆ. ಈ ಹಿಟ್ಟು ಮಾತ್ರ ಗೆದ್ದಲು. ಬಿಟ್ಟರೆ ವರ್ಷದೊಳಗೆ ಕನ್ನಡಿಯನ್ನು ಪುಡಿ ಮಾಡುತ್ತದೆ.

ಅದೇ ವಾರ ರಾಜಧಾನಿಯಿಂದ ಕಾಗದ ಬಂದಿತ್ತು: ನವೆಂಬರಿನಲ್ಲಿ ದೊಡ್ಡ ಪ್ರದರ್ಶನ, ರೊಕ್ಕಸ್ಪಿನಾದ ಕನ್ನಡಿಯನ್ನೂ ಕಳಿಸಿ. ಸೆತ್ತಿಮಿಯೊ ಕಾಗದ ಹಿಡಿದು ಕಾರ್ಯಾಗಾರಕ್ಕೆ ಓಡಿಬಂದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವನು ಅವಳಿಗೆ ನೀನು ಎನ್ನುತ್ತಿದ್ದ, ಅವಳು ಅವನಿಗೆ ನೀವು.

"ಏನೇ ಇದು, ಬೂಷ್ಟು ಬಂದಿದ್ಯಾ?"

"ರೋಗ ಮೇಯರ್ರೇ. ಸ್ಪಿರಿಟ್‌ನಲ್ಲಿ ಔಷಧಿ ಕಲಸಿ ಒಂದು ದಿನ ಮುಳುಗಿಸ್ಬೇಕು."

"ಮುಳುಗಿಸು, ಒರಸು, ಹೊಳೀಲಿ. ರೋಮಿನವರು ನೋಡಿ ಹೊಟ್ಟೆ ಉರ್ಕೋಬೇಕು. ಮೂಗಿನ ಹತ್ರ ಮಾತ್ರ ಹುಷಾರು, ಆಯ್ತಾ?"

ಇಲ್ಲಿಯೇ ಆ ತಪ್ಪು ನಡೆದದ್ದು. ನಮ್ಮೂರಿನವಳಲ್ಲದೆ ಬೇರೆ ಯಾರೂ ಮಾಡದ ತಪ್ಪು. ಯಾವುದೇ ವಸ್ತುವನ್ನು ಸ್ಪಿರಿಟ್‌ನಲ್ಲಿ ಮುಳುಗಿಸುವ ಮೊದಲು, ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಅಲ್ಲಲ್ಲಿ ಒತ್ತಿ ನೋಡಬೇಕು: ಹಿಂದಿನವರು ಏನಾದರೂ ಮೆತ್ತಿದ್ದರೆ ಹತ್ತಿಗೆ ಬಣ್ಣ ಹತ್ತುತ್ತದೆ. ಫೋಸ್ಕಾ ನೋಡಿದಳು. ಅಂಚಿನಲ್ಲಿ ನೋಡಿದಳು, ಹಿಡಿಯ ಬುಡದಲ್ಲಿ ನೋಡಿದಳು, ಕೂದಲಲ್ಲಿ, ಕೈಯಲ್ಲಿ, ಶಾಲಿನ ತುದಿಯಲ್ಲಿ ನೋಡಿದಳು. ಮೂಗಿನ ಮೇಲೆ ಮಾತ್ರ ನೋಡಲಿಲ್ಲ. ದೊರೆಸಾನಿಯ ಮೂಗನ್ನು ಸಂಶಯದಿಂದ ಒತ್ತಿ ನೋಡುವುದು ಉಂಟೇ? ಪಾದ್ರಿಯ ಜೇಬು ತಡಕಿದ ಹಾಗಾಗುವುದಿಲ್ಲವೇ? ಸೀಮೆಯಲ್ಲೇ ಅತಿ ಎಚ್ಚರಿಕೆಯ ಹೆಂಗಸು ಅವಳು. ಆ ಒಂದು ಜಾಗವನ್ನು ಭಕ್ತಿಗೆ ಬಿಟ್ಟು, ಕನ್ನಡಿಯನ್ನು ಗಾಜಿನ ತೊಟ್ಟಿಗೆ ಇಳಿಸಿದಳು.

ಒಂದು ಬಟ್ಟಲು ಕಾಫಿ ಕುಡಿದು ಬರುವಷ್ಟರಲ್ಲಿ ಮುಖದ ಮೇಲಿಂದ ಕಂದು ಬಣ್ಣದ ಎಳೆಯೊಂದು ಹೊಗೆಯ ಹಾಗೆ ಏಳುತ್ತಿತ್ತು. ನೋಡುತ್ತ ನೋಡುತ್ತ ಉಬ್ಬು ಮೆತ್ತಗಾಯಿತು. ಕೊಕ್ಕು ಜಾರಿತು. ಕೊನೆಗೆ ಇಡೀ ಮೂಗು ಕಾಫಿ ಗಸಿಯಂತೆ ತೊಟ್ಟಿಯ ತಳದಲ್ಲಿ ಕೂತಿತು.

ಅರಗು! ಅರಗು, ಮೇಣ, ಒಂಚೂರು ಬಣ್ಣ. ಐವತ್ತಾರರಲ್ಲಿ ಅನಾಕ್ಲೆತೊ ಮುಖದ ಮೇಲೆ ಅರಗು ತುಂಬಿ, ಅದರ ಮೇಲೆ ಮೂಗು ಕೊರೆದಿದ್ದ. ತನ್ನ ಹಳೆಯ ದಾಖಲೆಯಲ್ಲಿ ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಫೋಸ್ಕಾ ಸ್ಟೂಲಿನ ಮೇಲೆ ಕುಕ್ಕರಿಸಿದಳು. ಗುರುವಿನ ಮಂತ್ರ ಮಾತ್ರ ಸುಳ್ಳಾಗಿರಲಿಲ್ಲ ನೋಡಿ: ತೆಗೆಯಲು ಬರಬೇಕು ಎಂದಿದ್ದ, ಬಂತು.

ಕನ್ನಡಿಯನ್ನು ಎತ್ತಿ ಒಣಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅರಗಿನ ಅಡಿಯಲ್ಲಿ ಕಂಚು ಸಿಡುಬು ಹತ್ತಿದಂತೆ ಕುಳಿಬಿದ್ದಿದ್ದರೂ, ಹಳೆಯ ಗೆರೆ ಇತ್ತು. ಅಪ್ಪಟ ಗೆರೆ, ಎರಡೂವರೆ ಸಾವಿರ ವರ್ಷದ ಕೆಂಪು ಕಿಲುಬು ಅದರ ಹೊಟ್ಟೆಯೊಳಗೆ ಇತ್ತು. ಆ ಗೆರೆ ಬರೆದ ಮೂಗು ಚಪ್ಪಟೆ. ಚಪ್ಪಟೆ ಎಂದರೆ ಹಂದಿಮರಿಯ ಮೂಗಿನಷ್ಟು. ಅದರ ಕೆಳಗೆ ದಪ್ಪ ತುಟಿ. ತುಟಿಯ ಕೆಳಗೆ ಗಡ್ಡ.

ಆಮೇಲೆ ಮೂರು ವಾರ ಫೋಸ್ಕಾ ಬಾಗಿಲು ಹಾಕಿಕೊಂಡು ಮುಳ್ಳಿನಿಂದ ಹಕ್ಕಳೆ ಬಿಡಿಸಿದಳು. ಮೇಯರ್ ಫೋನ್ ಮಾಡಿದರೆ "ಒಣಗ್ತಾ ಇದೆ" ಎನ್ನುವಳು. ಕೂದಲಿನ ಒಡವೆ ಎಂದು ಶಾಲೆಯ ಮಕ್ಕಳಿಗೆ ಕಲಿಸುತ್ತಿದ್ದದ್ದು ಚೂಪು ತುದಿಯ ಕುದುರೆ ಕಿವಿ. ಕುತ್ತಿಗೆಯ ಕೆಳಗೆ ಬತ್ತಲೆ ಎದೆ, ರೋಮ ಸಮೇತ. ಎತ್ತಿದ ಕೈಯಲ್ಲಿ ಹೆಂಡದ ಬೋಗುಣಿ. ಇನ್ನು ಗಾಳಿಗೆ ಹಾರುವ ಶಾಲಿನ ತುದಿ ಶಾಲಿಗೆ ಅಂಟಿಕೊಂಡಿರಲಿಲ್ಲ. ಎಲ್ಲಿಗೆ ಅಂಟಿಕೊಂಡಿತ್ತು ಎಂದರೆ, ಬಾಲಗಳು ಸಾಮಾನ್ಯವಾಗಿ ಎಲ್ಲಿಗೆ ಅಂಟಿಕೊಂಡಿರುತ್ತವೋ ಅಲ್ಲಿಗೆ.

ಸಾತಿರೊ! ಕುದುರೆ ಕಿವಿ, ಕುದುರೆ ಬಾಲದ ಕಾಡುಪುಂಡ. ದ್ರಾಕ್ಷಾರಸದ ದೇವರ ಹಿಂದೆ ಕುಡಿದು ತೂರಾಡುತ್ತ, ಕಂಡ ಹೆಂಗಸರನ್ನೆಲ್ಲ ಅಟ್ಟಿಸಿಕೊಂಡು ಹೋಗುವವನು. ನಲವತ್ತಮೂರು ವರ್ಷ ನಮ್ಮ ಊರು ಮುತ್ತಿಟ್ಟದ್ದು ಇವನಿಗೆ.

ಗುರುವಾರ ಬೆಳಿಗ್ಗೆ ರಾಜಧಾನಿಯಿಂದ ವ್ಯಾನು ಬರುವುದಿತ್ತು. ಸೋಮವಾರ ಸೆತ್ತಿಮಿಯೊ ಬಾಗಿಲು ಗುದ್ದಿ ಒಳಗೆ ಬಂದ. ನೋಡಿದ. ಸೂಕ್ಷ್ಮದರ್ಶಕದಲ್ಲೂ ನೋಡಿದ, ಯಂತ್ರದ ತಪ್ಪಿರಬಹುದು ಎಂದು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ನನ್ನ ಮೂಗು ಎಲ್ಲೇ?"

ಫೋಸ್ಕಾ ಒಂದು ಸಣ್ಣ ಸೀಸೆ ಎತ್ತಿ ತೋರಿಸಿದಳು. ಕಂದು ಗಸಿ. ಚೀಟಿ ಅಂಟಿಸಿ, ಪೆನ್ಸಿಲ್‌ನಲ್ಲಿ ತಾರೀಖು ಬರೆದಿಟ್ಟಿದ್ದಳು.

"ಯಾರಿವ್ನು? ಈ ಹಂದಿಮೂತಿ ಯಾರು?"

"ಇಷ್ಟು ದಿನ ನೀವು ದೊರೆಸಾನಿ ಅಂತಿದ್ರಲ್ಲ, ಅವ್ರೇ."

"ಬಾಲ ಇದೆಯಲ್ಲೇ!"

"ಮೊದಲೂ ಇತ್ತು ಮೇಯರ್ರೇ. ದ್ರಾಕ್ಷಾರಸದ ಸೀಸೆ ಮೇಲೆ ಚೆನ್ನಾಗಿ ಅಚ್ಚಾಗಿದೆ."

ಸೆತ್ತಿಮಿಯೊ ಕುರ್ಚಿ ಎಳೆದು ಕೂತು, ಬೆವರು ಒರೆಸಿ, ದನಿ ಇಳಿಸಿದ. "ನೋಡು ಫೋಸ್ಕಾ. ಆದದ್ದು ಆಯ್ತು. ಅನಾಕ್ಲೆತೊ ಮಾಡಿದ್ದನ್ನ ನೀನೂ ಮಾಡಬಲ್ಲೆ, ಅವನಿಗಿಂತ ಚೆನ್ನಾಗಿಯೇ ಮಾಡಬಲ್ಲೆ. ಅರಗು ಇದೆ, ಉಳಿ ಇದೆ, ಮಾದರಿಗೆ" ಎಂದು ಮುಖವನ್ನು ಪಕ್ಕಕ್ಕೆ ತಿರುಗಿಸಿದ, "ನಾನಿದ್ದೀನಿ. ವ್ಯಾನಿನವರು ಒಂದು ಕಾಗದ ತರ್ತಾರೆ, ವಸ್ತು ಹೇಗಿದೆ, ಏನೇನು ಸೇರಿಸಿದ್ದೀರಿ ಅಂತ. ಏನೂ ಇಲ್ಲ ಅಂತ ಬರೆದು ಸಹಿ ಹಾಕು. ಆಮೇಲೆ ಗಾಜಿನ ಪೆಟ್ಟಿಗೆ ಮುಂದೆ ಚೀಟಿ ಅಲ್ಲ, ಹಿತ್ತಾಳೆ ಫಲಕ ಹಾಕಿಸ್ತೀನಿ. ಫೋಸ್ಕಾ ಬರ್ಲೆಂಗಿ ಅಂತ. ಈ ದಪ್ಪ ಅಕ್ಷರ."

"ಹಾಕದಿದ್ರೆ?"

"ನಿನ್ನ ಸಹಿ ಇಲ್ದೆ ಅವ್ರು ಕನ್ನಡಿ ಮುಟ್ಟಲ್ಲ. ಊರಿನ ಮಾನ ಹೋಗುತ್ತೆ. ಈ ಪುಂಡನ ಹೆಸರು ಬರೆದು ಸಹಿ ಹಾಕಿದ್ಯೋ, ಇಲ್ಲಿ ಬೀಗ ಬೀಳುತ್ತೆ. ಮಡಕೆ ಚೂರು ನೋಡೋಕೆ ಯಾರೂ ಬರಲ್ಲ ಕಣೇ."

ಅವನು ಹೋದ ಮೇಲೆ ಫೋಸ್ಕಾ ಅರಗಿನ ಡಬ್ಬಿ ಹೊರತೆಗೆದಳು. ಸುಮ್ಮನೆ ಹೇಳುವುದಲ್ಲ, ತೆಗೆದು, ದೀಪದ ಮೇಲೆ ಬಿಸಿಯೂ ಮಾಡಿದಳು. ತೆಗೆಯಲು ಬರುತ್ತದಲ್ಲ ಎಂದು ತನಗೇ ಹೇಳಿಕೊಂಡಳು. ಮೂಗು ಹಾಕಿದರೇನು, ಮುಂದೆ ಯಾವಾಗಲಾದರೂ ಸ್ಪಿರಿಟ್ ಒರೆಸಿದರೆ ಹೋಗುತ್ತದೆ. ಆದರೆ ಕಾಗದದ ಮೇಲಿನ ಶಾಯಿಗೆ ಯಾವ ಸ್ಪಿರಿಟ್ ಒರೆಸುವುದು? ಗೊತ್ತಾಗದೆ ದೀಪ ಆರಿಸಿದಳು. ಅರಗು ಡಬ್ಬಿಯಲ್ಲೇ ಗಟ್ಟಿಯಾಯಿತು.

ಮಂಗಳವಾರ ಮಧ್ಯಾಹ್ನ ಅನಾಕ್ಲೆತೊನ ಹೆಂಡತಿ ಎರ್ಸೀಲಿಯಾ ಅಜ್ಜಿಯ ಮನೆಗೆ ಹೋದಳು. ಅಜ್ಜಿಗೆ ಎಂಬತ್ತೈದು. ಗಂಡನ ಹೆಸರಿನ ಬೀದಿಯಲ್ಲೇ ಮನೆ; ಬೀದಿ ಗುಡಿಸುವವನನ್ನು "ನನ್ನ ಗಂಡನ ಮೇಲೆ ನೀರು ಸರಿಯಾಗಿ ಹಾಕೋ" ಎಂದು ಬೈಯುವ ಮುದುಕಿ. ಒಣ ಬ್ರೆಡ್ಡಿನ ಮೇಲೆ ಸೊಪ್ಪಿನ ಸಾರು ಸುರಿದುಕೊಂಡು ಊಟಕ್ಕೆ ಕೂತಿದ್ದಳು. ಫೋಸ್ಕಾ ನಿಂತುಕೊಂಡೇ ಎಲ್ಲ ಹೇಳಿದಳು.

ಅಜ್ಜಿ ಚಮಚ ಕೆಳಗಿಡಲಿಲ್ಲ. "ಕರಗ್ತಾ ಕೊನೆಗೂ? ನಾನು ಸತ್ತ ಮೇಲೆ ಕರಗುತ್ತೆ ಅಂದ್ಕೊಂಡಿದ್ದೆ."

"ನಿಮಗೆ ಗೊತ್ತಿತ್ತಾ ಅಜ್ಜಿ?"

"ನನ್ನ ಅಡುಗೆ ಒಲೆ ಮೇಲೇ ಅರಗು ಕಾಯಿಸಿದ್ದು. ಆ ಪಾತ್ರೆ ಆಮೇಲೆ ಯಾವುದಕ್ಕೂ ಬರ್ಲಿಲ್ಲ. ಆಗ ಇವ್ರೇನು ಗುರುಗಳಾಗಿದ್ರೇನೇ? ತಾಮ್ರದ ಹಂಡೆಗೆ ಕಲಾಯಿ ಹಾಕ್ಕೊಂಡು ಕತ್ತೆ ಮೇಲೆ ಊರೂರು ತಿರುಗ್ತಿದ್ರು. ಈ ಸೆತ್ತಿಮಿಯೊನ ಅಪ್ಪ ಮೇಯರ್ ಆಗಿದ್ದ. ಬಂದ, ಹೇಳ್ದ: ಇದ್ರಲ್ಲಿ ನಮ್ಮಮ್ಮನ ಮೂಗಿರೋ ಹೆಂಗಸು ಕಂಡ್ರೆ ಊರಿಗೊಂದು ಮ್ಯೂಸಿಯಂ ಆಗುತ್ತೆ, ನಿನಗೊಂದು ಕೆಲಸ ಆಗುತ್ತೆ, ತಲೆ ಮೇಲೆ ಸೂರಾಗುತ್ತೆ. ಆ ಅಮ್ಮ ಎಲ್ಲಿಯವಳು ಗೊತ್ತಾ? ಕಡಲಾಚೆ ಸಾರ್ದೀನಿಯಾದಿಂದ ಹೇಸರಗತ್ತೆ ವ್ಯಾಪಾರಕ್ಕೆ ಬಂದೋರ ಮಗಳು. ಅವಳಿಗೆ ಎಟ್ರುಸ್ಕನ್ ಅಂದ್ರೆ ತಿನ್ನೋದೋ ಉಡೋದೋ ಗೊತ್ತಿರ್ಲಿಲ್ಲ."

"ಗುರುಗಳಿಗೆ ಮನಸ್ಸು ಚುಚ್ಚಲಿಲ್ವಾ?"

"ಚುಚ್ಚೋದಾ? ಹಾಯಾಗಿ ಗೊರಕೆ ಹೊಡೀತಿದ್ರು. ಎರ್ಸೀಲಿಯಾ, ನನ್ನ ಜನ್ಮದಲ್ಲಿ ಕೊರೆದ ಗೆರೆಗಳಲ್ಲೆಲ್ಲ ಆ ಮೂಗಿನ ಗೆರೆಯೇ ಚೆಂದ ಅಂತಿದ್ರು. ಅದ್ಸರಿ, ನಿನಗೇನನ್ಸುತ್ತೆ? ಚೆನ್ನಾಗಿತ್ತಾ?"

ಫೋಸ್ಕಾ ಸುಳ್ಳಾಡಲಿಲ್ಲ. "ಚೆನ್ನಾಗಿತ್ತು ಅಜ್ಜಿ. ಕೈ ಒಂದ್ಸಲಾನೂ ನಡುಗಿರ್ಲಿಲ್ಲ."

ಅಜ್ಜಿ ಈಗ ಚಮಚ ಕೆಳಗಿಟ್ಟಳು. ಫೋಸ್ಕಾ ಧೈರ್ಯ ತಂದುಕೊಂಡು ಬಂದ ಕೆಲಸ ಕೇಳಿದಳು: "ನಾನು ನಿಜ ಬರೆದ್ರೆ ಗುರುಗಳ ಹೆಸರು ಹೋಗುತ್ತೆ. ನೀವು ಬರಿ ಅಂದ್ರೆ ಬರೀತೀನಿ. ಬೇಡ ಅಂದ್ರೆ ಬೇಡ."

"ಓಹೋ!" ಅಜ್ಜಿ ಕೈ ತಟ್ಟಿದಳು. "ಎಷ್ಟು ಚೆನ್ನಾಗಿ ಯೋಚನೆ ಮಾಡ್ಕೊಂಡು ಬಂದಿದ್ದೀಯೇ! ಬರೆದ್ರೆ ನಾಳೆ, ಎರ್ಸೀಲಿಯಾ ಹೇಳಿದ್ಲು ಅದಕ್ಕೇ ಬರೆದೆ. ಬರೀದಿದ್ರೆ, ಎರ್ಸೀಲಿಯಾ ಬೇಡ ಅಂದ್ಲು ಅದಕ್ಕೇ ಬರೀಲಿಲ್ಲ. ನಿನ್ನ ತಲೆ ಮೇಲೆ ಒಂದು ಕೂದಲೂ ಅಲುಗಬಾರ್ದು. ಆ ಬಡಪಾಯಿ ದುಯೀಲಿಯೊನ ಹತ್ತೊಂಬತ್ತು ವರ್ಷ ಬಸ್ ಸ್ಟಾಪಿನಲ್ಲಿ ನಿಲ್ಲಿಸಿದ ಹಾಗೆ ನನ್ನನ್ನೂ ನಿಲ್ಲಿಸಬೇಡ ಮಾರಾಯ್ತಿ. ನಾನು ಹೂಂ ಅನ್ನಲ್ಲ, ಊಹೂಂ ಅನ್ನಲ್ಲ. ನನ್ನ ಗಂಡ ಮಾಡಿದ್ದನ್ನ ತಾವೇ ಮಾಡಿದ್ರು. ನೀನೂ ಏನು ಮಾಡ್ತೀಯೋ ನೀನೇ ಮಾಡು. ಸಾರು ಹಾಕ್ಲಾ?"

ಫೋಸ್ಕಾ ಸಾರು ಕುಡಿದು ಬಂದಳು. ಬೇರೇನೂ ಸಿಗಲಿಲ್ಲ.

ಬುಧವಾರ ಸುದ್ದಿ ಊರೆಲ್ಲ ಹರಡಿತು. ನಜ್ಜರೇನೊ ಅವಳಿಗೆ ನಿನ್ನೆಯ ಬ್ರೆಡ್ ಕೊಟ್ಟ, ಕೇಳಿದ್ದಕ್ಕೆ "ಹೊಸದಕ್ಕೆ ಮೂಗಿದ್ದೋರು ಕಾಯ್ತಿದ್ದಾರೆ" ಎಂದ. ಹಲ್ಲಿನ ಡಾಕ್ಟರು ಸಂಜೆ ಕಾರ್ಯಾಗಾರಕ್ಕೆ ಒಂದು ತಟ್ಟೆ ಹಿಡಿದು ಬಂದರು. ಕಟ್ಟುಹಲ್ಲಿಗೆ ಬಳಸುವ ಮೇಣದಲ್ಲಿ ಮಾಡಿದ ಮೂರು ಮೂಗು: ಸಣ್ಣದು, ಮಧ್ಯಮ, ದೊಡ್ಡದು. "ಮೇಯರ್ ಸಾಹೇಬರು ಕಳ್ಸಿದ್ರು. ಬಣ್ಣ ಬೇಕಾದ್ರೆ ಸ್ವಲ್ಪ ಹಳದಿ ಮಾಡಬಹುದು, ಸಿಗರೇಟು ಸೇದೋರ ಹಲ್ಲಿಗೆ ಮಾಡ್ತೀವಲ್ಲ, ಹಾಗೆ" ಎಂದರು. ಫೋಸ್ಕಾ ಮೂರನ್ನೂ ಹತ್ತಿಯಲ್ಲಿ ಸುತ್ತಿ ವಾಪಸು ಕೊಟ್ಟಳು. ಅವಳಿಗೆ ಬೇರೆ ರೀತಿ ಗೊತ್ತಿರಲಿಲ್ಲ.

ಗುರುವಾರ ಒಂಬತ್ತು ಗಂಟೆಗೆ ವ್ಯಾನು ಬಂತು. ಇಳಿದವನು ತೆಳ್ಳಗಿನ ಒಬ್ಬ ಅಧಿಕಾರಿ, ರಾಜಧಾನಿಯವನು, ನಮ್ಮೂರಿನ ರಾಜಕೀಯ ಅರಿಯದವನು. ಸೆತ್ತಿಮಿಯೊ ಮೇಯರ್ ಪದವಿಯ ತ್ರಿವರ್ಣದ ಪಟ್ಟಿ ಎದೆಗೆ ಕಟ್ಟಿಕೊಂಡು ನಿಂತಿದ್ದ, ಪಕ್ಕಕ್ಕೆ ತಿರುಗಿ. ಪುರಸಭೆಯ ಹನ್ನೊಂದು ಮಂದಿ ಸದಸ್ಯರೂ ಬಾಗಿಲ ಬಳಿ ಸೇರಿದ್ದರು. ಮೇಜಿನ ಮೇಲೆ ಬಟ್ಟೆ ಮುಚ್ಚಿದ ಕನ್ನಡಿ. ಅದರ ಮುಖಕ್ಕೆ ಈಗ ಮೂಗು ಬಂದಿದೆಯೋ ಇಲ್ಲವೋ ಎಂದು ಫೋಸ್ಕಾಳಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ.

ಅಧಿಕಾರಿ ಕಾಗದ ಚಾಚಿದ. ಫೋಸ್ಕಾ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದಳು.

"ಪೆನ್ಸಿಲ್ ನಡೆಯಲ್ಲ ಮೇಡಂ."

"ಕರಡು ಬರ್ಕೊಂಡು ಆಮೇಲೆ..."

"ಆಮೇಲೆ ಅಂತ ಇಲ್ಲ. ಇದೊಂದೇ ಪ್ರತಿ." ಅವನು ತನ್ನ ಪೆನ್ನಿನ ಟೋಪಿ ತೆಗೆದು ಕೊಟ್ಟ.

ಐವತ್ತೈದು ವರ್ಷದ ಹೆಂಗಸು ಪೆನ್ನನ್ನು ಮಗು ಚಾಕು ಹಿಡಿದ ಹಾಗೆ ಹಿಡಿದುಕೊಂಡಳು. ಸೆತ್ತಿಮಿಯೊ ಕೆಮ್ಮಿದ. ಜೇಬಿನಿಂದ ಹಿತ್ತಾಳೆಯ ಫಲಕ ತೆಗೆದು, ಅವಳಿಗೆ ಮಾತ್ರ ಕಾಣುವ ಹಾಗೆ ಅಂಗೈಯಲ್ಲಿ ಹಿಡಿದ. ಅಕ್ಷರ ನಿಜಕ್ಕೂ ದಪ್ಪವಿತ್ತು. ಫೋಸ್ಕಾ ಫಲಕ ನೋಡಿದಳು, ನಿಧಾನವಾಗಿ, ಅಕ್ಷರ ಅಕ್ಷರವಾಗಿ. ಚೆನ್ನಾಗಿ ಕೊರೆದ ಗೆರೆಯನ್ನು ನೋಡದೆ ಬಿಡುವವಳಲ್ಲ ಅವಳು. ಆಮೇಲೆ ಬಗ್ಗಿ ಬರೆದಳು.

ಬಹಳ ಹೊತ್ತು ಬರೆದಳು. ಅಧಿಕಾರಿ ತೆಗೆದುಕೊಂಡು ಜೋರಾಗಿ ಓದಿದ. ಪಾಪ, ಅವರ ಕಚೇರಿಯ ಪದ್ಧತಿ ಅದು. "ಐವತ್ತಾರರಲ್ಲಿ ನನ್ನ ಗುರು ಅನಾಕ್ಲೆತೊ ಅರಗಿನಿಂದ ಒಂದು ಮೂಗು ಸೇರಿಸಿದ್ದರು. ಅದನ್ನು ಪರೀಕ್ಷಿಸದೆ ಸ್ಪಿರಿಟ್‌ನಲ್ಲಿ ಮುಳುಗಿಸಿ ಕರಗಿಸಿದ್ದು ನನ್ನ ತಪ್ಪು. ಕೆಳಗಿರುವುದು ಸಾತಿರೊ, ಗಡ್ಡ ಮತ್ತು ಬಾಲ ಸಹಿತ. ನಾನು ಏನನ್ನೂ ಸೇರಿಸಿಲ್ಲ. ಫೋಸ್ಕಾ ಬರ್ಲೆಂಗಿ." ಆಮೇಲೆ ಬಟ್ಟೆ ಸರಿಸಿ ನೋಡಿ, ಮೊದಲ ಸಲ ನಕ್ಕ. "ಎಂಥ ಚೆಂದದ ಪುಂಡ!" ಎಂದ.

ಬಾಗಿಲ ಬಳಿ ಯಾರೂ ನಗಲಿಲ್ಲ. ಒಬ್ಬ ಸದಸ್ಯ ತನ್ನ ಮೂಗನ್ನು ತಾನೇ ಮುಟ್ಟಿ ನೋಡಿಕೊಂಡ.

ಆ ಶನಿವಾರ ಪುರಸಭೆ ತುರ್ತು ಸಭೆ ಸೇರಿತು. ನಾಲ್ಕು ಗಂಟೆ ಚರ್ಚೆ. ಕೊನೆಗೆ ನಾಲ್ಕರ ವಿರುದ್ಧ ಏಳು ಮತಗಳಿಂದ ನಿರ್ಣಯವಾಯಿತು: ಕನ್ನಡಿಯಲ್ಲಿ ಕಾಣುವ ವ್ಯಕ್ತಿ ರೊಕ್ಕಸ್ಪಿನಾದವನಲ್ಲ, ಕುಡಿದು ದಾರಿ ತಪ್ಪಿ ಬಂದ ಮೊಂತೆಕೂಪೊದವನು. ನಿರ್ಣಯವನ್ನು ಚರ್ಚಿನ ಬಾಗಿಲಿಗೆ ಹಚ್ಚಿದರು. ಕಾಗದದ ತಲೆಯಲ್ಲಿ ದೊರೆಸಾನಿಯ ಮೂಗು ಹಾಗೇ ಇತ್ತು. ಹಳೆಯ ಕಾಗದ ಇನ್ನೂ ಹದಿನಾಲ್ಕು ಸಾವಿರ ಹಾಳೆ ಉಳಿದಿತ್ತಂತೆ.

ಸೋಮವಾರ ಸೆತ್ತಿಮಿಯೊ ಕಾರ್ಯಾಗಾರದ ಬೀಗದ ಕೈ ಕಿತ್ತುಕೊಳ್ಳಲು ಒಬ್ಬನೇ ಬಂದ. ಫೋಸ್ಕಾ ಬೀಗದ ಕೈಯನ್ನು ಆಗಲೇ ಮೇಜಿನ ಮೇಲಿಟ್ಟು, ಕೋಟು ತೊಟ್ಟು ಕಾಯುತ್ತಿದ್ದಳು. ಮೂವತ್ತೇಳು ವರ್ಷದ ಸಾಮಾನು ಒಂದು ಚೀಲದಲ್ಲಿ ಹಿಡಿದಿತ್ತು. ಅವನು ಕೈ ಚಾಚಿದವನು ಬಾಗಿಲ ಕಡೆ ತಿರುಗಿ ನೋಡಿದ.

"ಫೋಸ್ಕಾ, ಒಂದ್ ಮಾತು."

"ಹೇಳಿ."

"ಯಾರೂ ಇಲ್ವಲ್ಲ ಇಲ್ಲಿ?"

"ಮಡಕೆ ಚೂರು ಇವೆ."

"ಆ... ಕನ್ನಡಿಯವನಿಗೂ ನಮ್ಮನೆಯೋರಿಗೂ... ಎಲ್ಲಾದ್ರೂ... ಒಂಚೂರಾದ್ರೂ ಹೋಲಿಕೆ ಇಲ್ವೇನೇ? ಮೂಗು ಬಿಡು. ಬೇರೆ ಏನಾದ್ರೂ?"

ಫೋಸ್ಕಾ ಅವನನ್ನು ನೋಡಿದಳು. ಐವತ್ತು ವರ್ಷದಲ್ಲಿ ಅವನು ಮೊದಲ ಸಲ ಯಾರಿಗೋ ನೇರ ಮುಖ ಕೊಟ್ಟು ನಿಂತಿದ್ದ; ಎರಡು ಕಣ್ಣೂ ಒಟ್ಟಿಗೆ ಕಾಣುತ್ತಿದ್ದವು, ಎರಡೂ ಹೆದರಿದ್ದವು. ಅವಳು ಚೀಲ ಕೆಳಗಿಟ್ಟಳು. ದೀಪ ಹಾಕಿದಳು. ಭೂತಗನ್ನಡಿ ಹಿಡಿದು, ಅವನ ಕೂದಲನ್ನು ಎರಡು ಬೆರಳಿನಿಂದ ಸರಿಸಿ, ಹಳೆಯ ಕಂಚನ್ನು ಹೇಗೆ ನೋಡುತ್ತಾಳೋ ಹಾಗೆ, ಅವಸರವಿಲ್ಲದೆ, ಆ ಮಗ್ಗುಲಿಂದ ಈ ಮಗ್ಗುಲಿಗೆ ನೋಡಿದಳು.

"ಕಿವಿ," ಎಂದಳು.

"ಕಿವೀನಾ?"

"ಮೇಲ್ತುದಿ ಸ್ವಲ್ಪ ಚೂಪಿದೆ ಸೆತ್ತಿಮಿಯೊ. ನಿನಗೆ ಯಾರೂ ಹೇಳಿಲ್ವಾ?"

ಅವಳು ನೀನು ಎಂದದ್ದನ್ನು ಅವನು ಗಮನಿಸಲೇ ಇಲ್ಲ. "ಯಾವ್ದು, ಎಡದ್ದಾ ಬಲದ್ದಾ?"

"ಎರಡೂ."

ಸೆತ್ತಿಮಿಯೊ ಎರಡು ಕೈಯಿಂದಲೂ ಕಿವಿ ಹಿಡಿದುಕೊಂಡ, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದವರ ಹಾಗೆ. ತಡವಿದ. ಮುಖ ಅರಳಿತು. "ನಮ್ಮಜ್ಜನಿಗೂ ಹೀಗೇ ಇತ್ತು ಕಣೇ! ದೇವರಾಣೆ, ಹೀಗೇ ಇತ್ತು! ಬರೆದು ಕೊಡ್ತೀಯಾ?"

"ಇಲ್ಲ."

"ಪೆನ್ಸಿಲ್‌ನಲ್ಲಾದ್ರೂ?"

"ಇಲ್ಲ."

ಪರವಾಗಿಲ್ಲ, ಪರವಾಗಿಲ್ಲ ಎನ್ನುತ್ತ ಅವನು ಆಗಲೇ ಬಾಗಿಲು ದಾಟಿದ್ದ. ಕಿವಿ ಮೇಲಿನ ಕೂದಲು ತೆಗೆಸಲು ಚೌಕದ ಆ ಬದಿಯ ಕ್ಷೌರದಂಗಡಿ ಮುಚ್ಚುವ ಮೊದಲು ತಲುಪಬೇಕೆಂದು ಕಾಣುತ್ತದೆ, ಮೇಯರ್ ಎಂಬುದನ್ನೂ ಮರೆತು ಓಡುತ್ತಿದ್ದ. ಬೀಗದ ಕೈ ಮೇಜಿನ ಮೇಲೇ ಇತ್ತು. ಫೋಸ್ಕಾ ಸ್ವಲ್ಪ ಹೊತ್ತು ಕಾದಳು. ಯಾರೂ ತಿರುಗಿ ಬರಲಿಲ್ಲ. ಅವಳು ಕೋಟು ಬಿಚ್ಚಿ, ಒಳಗಿನಿಂದ ಬೀಗ ಹಾಕಿಕೊಂಡು, ಮಡಕೆ ಚೂರಿನ ಮೊದಲ ಪೆಟ್ಟಿಗೆಯನ್ನು ದೀಪದ ಕೆಳಕ್ಕೆ ಎಳೆದುಕೊಂಡಳು.